ಒಂದಕ್ಕೆ ಮಾತ್ರ ಟಿಕ್ ಹಾಕಿ

ಮೊನ್ನೆ ನನ್ನ ಮಗಳು ಒಂದು ಅರ್ಜಿ ತಂದು ನನ್ನ ಮುಂದಿಟ್ಟಳು. ಯಾವುದೋ ಪರೀಕ್ಷೆಗೆ ತರಬೇತಿ ಕೊಡುವವರ ಅರ್ಜಿ. ಪೋಷಕರ ಸಹಿ ಎಂದಿದ್ದ ಕಡೆ ಸಹಿ ಹಾಕಿದೆ. ಅದರ ಮೇಲಿನ ಸಾಲಿನಲ್ಲಿ ಎರಡು ಪುಟ್ಟ ಚೌಕಗಳಿದ್ದವು. ಒಂದರ ಪಕ್ಕ ‘ಮುದ್ರಿತ ಪಾಠಗಳು’ ಎಂದೂ ಇನ್ನೊಂದರ ಪಕ್ಕ ‘ಆನ್‌ಲೈನ್ ಕೋರ್ಸ್’ ಎಂದೂ ಬರೆದಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ಒಂದಕ್ಕೆ ಮಾತ್ರ ಟಿಕ್ ಹಾಕಿ.

“ಅಪ್ಪ, ನೀನು ಟ್ರೈನಿಂಗ್ ಆಫೀಸರ್ ಆಗಿದ್ದೋನಲ್ವಾ? ಯಾವ್ದು ಒಳ್ಳೇದು ಹೇಳು” ಅಂದಳು.

ಪೆನ್ನು ಹಿಡಿದವನು ಹಿಡಿದ ಹಾಗೇ ಕೂತುಬಿಟ್ಟೆ. ಅವಳು ಒಂದು ನಿಮಿಷ ಕಾದಳು, ಎರಡು ನಿಮಿಷ ಕಾದಳು. “ಅಯ್ಯೋ, ಎರಡು ಚೌಕ ನೋಡಕ್ಕೆ ಇಷ್ಟ್ ಹೊತ್ತಾ ಅಪ್ಪ!” ಎಂದು ಕಾಗದ ಕಿತ್ತುಕೊಂಡು, ತಾನೇ ಎಲ್ಲಿಗೋ ಟಿಕ್ ಹಾಕಿಕೊಂಡು ಹೋದಳು. ಅವಳಿಗೇನು ಗೊತ್ತು? ಹಿಂದೊಮ್ಮೆ ಇಂಥದ್ದೇ ಎರಡು ಚೌಕಗಳ ಮುಂದೆ ನಾನು ಎರಡು ದಿನ ಕೂತಿದ್ದೆ. ಆ ಕಥೆಯನ್ನು ಅವಳಿಗೆ ಹೇಳಲು ಹೋದರೆ “ಆಮೇಲ್ ಕೇಳ್ತೀನಿ” ಅನ್ನುತ್ತಾಳೆ. ನಿಮಗಾದರೂ ಹೇಳುತ್ತೇನೆ, ಪುರುಸೊತ್ತಿದ್ದರೆ ಕೂತ್ಕೊಳ್ಳಿ.

ಮೊದಲಿಗೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಅಚ್ಚಾದ ಅಕ್ಷರದ ಪಕ್ಷದವನು. ತೊಂಬತ್ತರ ದಶಕದ ಶುರುವಿನಲ್ಲಿ, ಕುಣಿಗಲ್ಲಿನಲ್ಲಿ ಓದು ಮುಗಿಸಿ ಕೆಲಸವಿಲ್ಲದೆ ಕೆರೆ ಏರಿಯ ಮೇಲೆ ತಿರುಗುತ್ತಿದ್ದ ಕಾಲದಲ್ಲಿ, ಅಂಚೆ ಮೂಲಕ ರೇಡಿಯೋ ರಿಪೇರಿ ಕಲಿಸುವ ಕೋರ್ಸಿಗೆ ಸೇರಿದ್ದೆ. ತಿಂಗಳಿಗೆ ಎರಡು ಪಾಠ, ಕಂದು ಬಣ್ಣದ ಲಕೋಟೆಯಲ್ಲಿ ಬರುತ್ತಿತ್ತು. ಲಕೋಟೆ ಒಡೆದರೆ ಹೊಸ ಕಾಗದದ ಒಂದು ವಾಸನೆ ಬರುತ್ತಿತ್ತಲ್ಲ, ಅದಕ್ಕೇ ಅರ್ಧ ವಿದ್ಯೆ ಬಂದಂತಾಗುತ್ತಿತ್ತು. ಪಡಸಾಲೆಯಲ್ಲಿ ನಮ್ಮಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಕೂತಿರುತ್ತಿದ್ದಳು. ನಾನು ಅವಳ ಎದುರಿಗೆ ಕೂತು ಜೋರಾಗಿ ಓದುತ್ತಿದ್ದೆ. ಕೇಳುವವರು ಯಾರಾದರೂ ಇರಬೇಕಲ್ಲ!

ಮೂರನೇ ಪಾಠ ಓದುವಾಗ ಅಜ್ಜಿ ಕುಟ್ಟುವುದು ನಿಲ್ಲಿಸಿ, “ಅದೆಲ್ಲ ಸರಿ ಕಣ್ ಮಗ, ಈ ಮಾತು ಗಾಳೀಲಿ ಬರೋವಾಗ ಮಳೆಗೆ ನೆನೆಯಲ್ವಾ?” ಅಂದಳು. ಪಾಠವನ್ನು ಹಿಂದೆ ಮುಂದೆ ತಿರುವಿ ಹಾಕಿದೆ. ಆ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. “ಸುಮ್ನಿರಜ್ಜಿ, ನಿಂಗ್ ಗೊತ್ತಾಗಲ್ಲ” ಅಂದೆ. ಗೊತ್ತಿರದೆ ಇದ್ದದ್ದು ನನಗೆ. ಪುಸ್ತಕದ ಗುಣ ಅದು, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಹೇಳಿದ್ದನ್ನೇ ಹೇಳುತ್ತದೆ.

ಇನ್ನೊಂದು ಸಂಗತಿ. ಏಳನೇ ಪಾಠ ಅಂಚೆಯಲ್ಲಿ ಎಲ್ಲೋ ಕಳೆದುಹೋಯಿತು. ಮೂರು ಪತ್ರ ಬರೆದೆ, ಮೂರಕ್ಕೂ ಎಂಟನೇ ಪಾಠ ಬಂತು. ಕೋರ್ಸ್ ಮುಗಿದು ಸರ್ಟಿಫಿಕೇಟೂ ಬಂತು. ಅವತ್ತಿನಿಂದ ಯಾವುದೇ ರೇಡಿಯೋ ಬಿಚ್ಚಿದರೂ, ಕೆಟ್ಟಿರುವುದು ಏಳನೇ ಪಾಠದ ಭಾಗವೇ. ನಮ್ಮ ಬೀದಿಯ ಮೂರು ರೇಡಿಯೋಗಳಿಗೆ ಶಾಶ್ವತ ಮೌನ ಕೊಟ್ಟ ಕೀರ್ತಿ ನನ್ನದು. ಬೀದಿಯವರು ನನ್ನನ್ನು ಕಂಡರೆ ರೇಡಿಯೋವನ್ನು ಒಳಗೆ ತೆಗೆದುಕೊಂಡು ಹೋಗುತ್ತಿದ್ದರು ಎಂದು ನಮ್ಮಪ್ಪ ಹೇಳುತ್ತಿದ್ದ. ಅದು ಸ್ವಲ್ಪ ಉತ್ಪ್ರೇಕ್ಷೆ.

ಆದರೂ ಆ ಸರ್ಟಿಫಿಕೇಟು ನನಗೆ ಅನ್ನ ಕೊಟ್ಟಿತು. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡುವ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮನೆಗೆ ಸ್ಟೆಬಿಲೈಸರ್ ತರುತ್ತೀರಲ್ಲ, ಅದರ ಹೊಟ್ಟೆಯೊಳಗೆ ಕೂತಿರುತ್ತದಲ್ಲ ತಾಮ್ರದ ತಂತಿ ಸುತ್ತಿದ ಕಾಯಿಲ್, ಅದು ನಮ್ಮಲ್ಲಿ ತಯಾರಾಗುತ್ತಿತ್ತು. ಸುತ್ತುವವರೆಲ್ಲ ಹೆಂಗಸರು. ತಂತಿ ತಲೆಗೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಗಂಡಸರು ಸುತ್ತಿದರೆ ಹತ್ತು ಸುತ್ತಿಗೆ ಒಂದು ಸಲ ತುಂಡಾಗುತ್ತಿತ್ತು, ಜೊತೆಗೆ ತಂತಿಯನ್ನೇ ಬೈಯುತ್ತಿದ್ದರು. ಹೆಂಗಸರ ಕೈಯಲ್ಲಿ ಮಾತು ಕೇಳುತ್ತಿತ್ತು. ನಾಲ್ಕು ವರ್ಷ ಆದ ಮೇಲೆ ನನ್ನನ್ನು ಟ್ರೈನಿಂಗ್ ಆಫೀಸರ್ ಮಾಡಿದರು. ನಾನೂ ತಂತಿ ತುಂಡು ಮಾಡುವವರ ಪೈಕಿಯೇ, ಅದಕ್ಕೇ ಕಲಿಸಲು ಹಾಕಿರಬೇಕು.

ಟ್ರೈನಿಂಗ್ ಆಫೀಸರ್ ಆದ ಮೇಲೆ ಸುಮ್ಮನಿರಲಾಗುತ್ತದೆಯೇ? ಒಂದು ಪುಸ್ತಕ ಬರೆದೆ. ‘ಕಾಯಿಲ್ ಸುತ್ತುವ ಕಲೆ’. ನಲವತ್ತೆಂಟು ಪುಟ, ಹದಿನಾರು ಪಾಠ. ತುಮಕೂರಿನ ಮಂಡಿಪೇಟೆಯ ಹತ್ತಿರ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದೆವು. ಮದುವೆ ಕರೆಯೋಲೆಗಳ ನಡುವೆ ನನ್ನ ಪುಟಗಳನ್ನೂ ಒಣಹಾಕಿದ್ದರು. ಮುಖಪುಟದಲ್ಲಿ ಪುಸ್ತಕದ ಹೆಸರಿಗಿಂತ ನನ್ನ ಹೆಸರು ದಪ್ಪಗೆ ಬಂದಿತ್ತು. ಪ್ರೆಸ್ಸಿನವನ ತಪ್ಪು ಅಂತ ಎಲ್ಲರಿಗೂ ಹೇಳಿದೆ. ದಪ್ಪಗೆ ಹಾಕು ಅಂತ ಅವನಿಗೆ ಹೇಳಿದ್ದು ನಾನೇ. ಮೊದಲ ಪ್ರತಿಗೆ ನನ್ನ ಹೆಂಡತಿ ಅರಿಶಿನ ಕುಂಕುಮ ಹಚ್ಚಿದಳು. ನಗಬೇಡಿ, ನಿಮ್ಮ ಹೆಸರೂ ಒಮ್ಮೆ ಅಚ್ಚಾಗಲಿ, ಆಗ ನೋಡೋಣ.

ಆ ಪುಸ್ತಕವನ್ನು ನಮ್ಮ ಹೆಂಗಸರು ಹೇಗೆ ಓದುತ್ತಿದ್ದರು ಎಂಬುದು ಬಹಳ ಕಾಲ ನನಗೆ ಗೊತ್ತಿರಲಿಲ್ಲ. ಒಂದು ಸಲ ಗುಬ್ಬಿಯಲ್ಲಿ ನೆಂಟರ ಮದುವೆಗೆ ಹೋಗಿ, ಬೆಳಿಗ್ಗೆ ಅಲ್ಲಿಂದಲೇ ಕಾರ್ಖಾನೆಯ ಬಸ್ಸು ಹತ್ತಿದೆ. ಬಸ್ಸು ಗುಬ್ಬಿಯಿಂದ ಹೊರಟು ತುಮಕೂರಿನ ಮೇಲೆ ಹಿರೇಹಳ್ಳಿಗೆ ಬರುತ್ತಿತ್ತು. ಊರು ದಾಟುತ್ತಲೂ ಸಾವಿತ್ರಮ್ಮ ಎಂಬಾಕೆ ಮಧ್ಯದ ಸೀಟಿನಲ್ಲಿ ಎದ್ದು ನಿಂತು, ಕಂಬಿಗೆ ಒರಗಿ, ನನ್ನ ಪುಸ್ತಕ ತೆರೆದು ಜೋರಾಗಿ ಓದತೊಡಗಿದಳು. ಹತ್ತನೇ ಕ್ಲಾಸ್ ಪಾಸಾದವಳು, ಗಂಟೆಯಂಥ ಗಂಟಲು. ಉಳಿದವರು ಹೂ ಕಟ್ಟುತ್ತಾ, ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ಸಾವಿತ್ರಮ್ಮ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಎಲ್ಲರೂ ಒಟ್ಟಿಗೆ ಉತ್ತರ ಹೇಳುವರು. ತಪ್ಪಾದರೆ ಒಟ್ಟಿಗೆ ನಗುವರು. ಹೊಸಬರು ಕೆಲಸಕ್ಕೆ ಸೇರಿದರೆ ಅವರಿಗಾಗಿ ಮತ್ತೆ ಮೊದಲನೇ ಪುಟದಿಂದ. ನಿಜ ಹೇಳುತ್ತೇನೆ, ಅವತ್ತು ನನ್ನ ಕಣ್ಣಲ್ಲಿ ನೀರು ಬಂತು. ಯಾರಿಗೆ ಬರುತ್ತದೆ ಸ್ವಾಮಿ ಈ ಭಾಗ್ಯ? ಬರೆದವನು ಹಿಂದಿನ ಸೀಟಿನಲ್ಲಿ ಕೂತಿದ್ದಾನೆ, ಇಡೀ ಬಸ್ಸು ಅವನ ಪುಸ್ತಕ ಕೇಳುತ್ತಿದೆ!

ಅವರ ನಡುವೆ ಜಯಮ್ಮ ಇದ್ದಳು. ಗುಬ್ಬಿಯ ಪಕ್ಕದ ಹಳ್ಳಿಯವಳು, ನಲವತ್ತರ ಹತ್ತಿರ. ಮಾತು ಕಡಿಮೆ, ಕೈ ಮಾತ್ರ ಮಗ್ಗದ ಲಾಳಿಯಂತೆ ಓಡುವುದು. ಅವಳು ಸುತ್ತಿದ ಕಾಯಿಲ್ ವಾಪಸ್ಸು ಬಂದದ್ದನ್ನು ನಾನು ನೋಡಿಲ್ಲ. ಆರು ವರ್ಷದಿಂದ ಟೆಂಪರರಿಯಾಗಿಯೇ ಇದ್ದಳು. ಟೆಂಪರರಿ ಅಂದರೆ ಆರು ತಿಂಗಳಿಗೊಮ್ಮೆ ಮನೆಗೆ ಕಳಿಸಿ, ಕಂಟ್ರಾಕ್ಟರ್ ಮನಸ್ಸು ಮಾಡಿದರೆ ಮತ್ತೆ ಕರೆಯುವುದು. ಕರೆಯುತ್ತಾನೋ ಇಲ್ಲವೋ ಎಂದು ಪ್ರತಿಸಲವೂ ಬಾಗಿಲು ನೋಡಿಕೊಂಡು ಕೂರಬೇಕು. ಪರ್ಮನೆಂಟ್ ಆಗಬೇಕಾದರೆ ನಾಲ್ಕು ವರ್ಷ ದುಡಿದ ಮೇಲೆ ನನ್ನ ಪುಸ್ತಕದ ಮೇಲೆ ಬರೆಯುವ ಪರೀಕ್ಷೆ ಪಾಸಾಗಬೇಕಿತ್ತು. ಒಂದು ವರ್ಷ ಪರೀಕ್ಷೆಯ ದಿನ ಅವಳಿಗೆ ಜ್ವರ. ಮುಂದಿನ ವರ್ಷ “ಕನ್ನಡಕ ಮರೆತ್ ಬಂದೆ ಸಾ” ಅಂದಳು. ಹೊಣೆಗಾರಿಕೆ ಇಲ್ಲದ ಹೆಂಗಸು ಎಂದು ನಾನು ಮನಸ್ಸಿನಲ್ಲೇ ಷರಾ ಬರೆದುಕೊಂಡೆ.

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಆಗಿತ್ತು. ಬೆಂಗಳೂರಿನ ನಮ್ಮ ಹೆಡ್ ಆಫೀಸಿಗೆ ಪ್ರಶಾಂತ್ ಎಂಬ ಹುಡುಗ ಮ್ಯಾನೇಜರಾಗಿ ಬಂದ. ಹುಡುಗ ಅಂದರೆ ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನನಗಿಂತ ಮೂರು ಮೆಟ್ಟಿಲು ಮೇಲೆ. ಒಂದು ದಿನ ಬಂದು ನನ್ನ ಪುಸ್ತಕವನ್ನು ಹೆಬ್ಬೆರಳಿನಲ್ಲಿ ಪುರ್‍ರನೆ ಬಿಟ್ಟು ನೋಡಿ, “ಚೆನ್ನಾಗಿದೆ ಸರ್. ಆದರೆ ಇನ್ನು ಮುಂದೆ ಆನ್‌ಲೈನ್ ಕೋರ್ಸ್” ಅಂದ. ನಲವತ್ತೆಂಟು ಪುಟವನ್ನು ಎರಡು ಸೆಕೆಂಡಿನಲ್ಲಿ ಓದಿದವನನ್ನು ನಾನು ಅವತ್ತೇ ನೋಡಿದ್ದು.

ಕಾರ್ಖಾನೆಯ ಸ್ಟೋರ್ ರೂಮಿನ ಪಕ್ಕ ಒಂದು ಕಂಪ್ಯೂಟರ್ ಬಂತು, ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ಟೂ ಬಂತು. ಕೋರ್ಸಿನಲ್ಲಿ ಒಬ್ಬ ಹೆಂಗಸಿನ ದನಿ ಕನ್ನಡದಲ್ಲಿ ಪಾಠ ಹೇಳುತ್ತಿತ್ತು. ಚಿತ್ರ ಬರುತ್ತಿತ್ತು. ದನಿ ಯಾವ ಪದ ಹೇಳುತ್ತಿದೆಯೋ ಆ ಪದ ಪರದೆಯ ಮೇಲೆ ಹಳದಿಯಾಗುತ್ತಿತ್ತು. ಪ್ರಶ್ನೆಯನ್ನೂ ದನಿಯೇ ಕೇಳುವುದು, ಉತ್ತರದ ಚಿತ್ರವನ್ನು ಮೌಸಿನಿಂದ ಒತ್ತಿದರೆ ಆಯಿತು. ನಾನು ಒಂದು ವರ್ಷ ಕೂತು ಬರೆದದ್ದನ್ನೇ ಆ ದನಿ ಉಲಿಯುತ್ತಿತ್ತು, ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಪ್ರಶಾಂತ್ ಒಂದು ಫಾರಂ ಕಳಿಸಿದ. ಈ ವರ್ಷ ಹನ್ನೆರಡು ಟೆಂಪರರಿ ಹೆಂಗಸರಿಗೆ ಕೊನೆಯ ಅವಕಾಶ. ಪಾಸಾದವರು ಪರ್ಮನೆಂಟ್, ಉಳಿದವರನ್ನು ಕಂಟ್ರಾಕ್ಟರ್ ಮತ್ತೆ ಕಳಿಸುವಂತಿಲ್ಲ. ಮೊದಲು ಅವರಿಗೆ ಆನ್‌ಲೈನ್ ಕೋರ್ಸ್ ತೋರಿಸಿ, ಒಂದು ಅಭ್ಯಾಸ ಪರೀಕ್ಷೆ ಮಾಡಿ. ಆಮೇಲೆ ನಿಜವಾದ ಪರೀಕ್ಷೆ ಪುಸ್ತಕದಿಂದ ಬರವಣಿಗೆಯಲ್ಲಿ ಆಗಬೇಕೋ, ಕಂಪ್ಯೂಟರಿನಲ್ಲಿ ಆಗಬೇಕೋ ಎಂದು ಟ್ರೈನಿಂಗ್ ಆಫೀಸರ್ ನಿರ್ಧರಿಸಲಿ. ಎರಡು ಚೌಕ. ಒಂದಕ್ಕೆ ಮಾತ್ರ ಟಿಕ್ ಹಾಕಿ.

ಯಾವುದಕ್ಕೆ ಹಾಕಬೇಕೆಂದು ನಾನು ಫಾರಂ ಓದುವ ಮೊದಲೇ ನಿರ್ಧರಿಸಿದ್ದೆ. ಆದರೆ ಕಾರಣ ಬೇಕಿತ್ತಲ್ಲ? ಆ ಕಂಪ್ಯೂಟರು ಹೇಗಾದರೂ ಮಾಡಿ ಮಣ್ಣುಮುಕ್ಕಲಿ ಎಂದು ಕಾಯುತ್ತಿದ್ದೆ. ಅಭ್ಯಾಸ ಪರೀಕ್ಷೆಯ ದಿನ ಬೇಕೆಂದೇ ನಾನು ಆ ಕೋಣೆಗೆ ಹೋಗಲಿಲ್ಲ. ಸಾವಿತ್ರಮ್ಮನೂ ಆ ಹನ್ನೆರಡರಲ್ಲಿ ಒಬ್ಬಳು, ಅವಳಿಗೆ ನಾಲ್ಕು ವರ್ಷ ತುಂಬಿದ್ದು ಆ ವರ್ಷವೇ; ಹೇಗೆ ಶುರುಮಾಡಬೇಕೆಂದು ಅವಳಿಗೆ ಒಂದು ಸಲ ತೋರಿಸಿ, ಎಲ್ಲರಿಗೂ ಹೇಳಿಕೊಡು ಎಂದು ಬಿಟ್ಟು ಬಂದೆ.

ಸಂಜೆ ಫಲಿತಾಂಶ ನೋಡಿದರೆ ಆಹಾ! ಸಾವಿತ್ರಮ್ಮ ಹನ್ನೆರಡು ಸಲ ಪರೀಕ್ಷೆ ಬರೆದಿದ್ದಾಳೆ. ಉಳಿದ ಹನ್ನೊಂದು ಜನ ಗೈರುಹಾಜರು.

ಓಡಿಹೋಗಿ ಕೇಳಿದೆ. “ನಿಮ್ ನಿಮ್ ಹೆಸರು ಒತ್ತಿ ಒಳಗೆ ಹೋಗ್ಬೇಕು ಅಂತ ಹೇಳಿರ್ಲಿಲ್ವೇನ್ರಮ್ಮಾ?”

“ಹೇಳಿದ್ರಿ ಸಾ” ಅಂದಳು ಸಾವಿತ್ರಮ್ಮ. “ನಾನು ಬೆಳಿಗ್ಗೇನೇ ನನ್ ಹೆಸ್ರಾಕಿ ಶುರು ಮಾಡಿದ್ನಲ್ಲ. ಒಲೆ ಒಬ್ರು ಹಚ್ಚುದ್ ಮೇಲೆ ಎಲ್ರೂ ಅದ್ರಲ್ಲೇ ಬೇಯುಸ್ಕೊಳ್ಳಲ್ವಾ ಸಾ? ಒಬ್ಬೊಬ್ರೂ ಆರ್ಸಿ ಆರ್ಸಿ ಹಚ್ತಾರಾ?”

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಬಸ್ಸಿನಲ್ಲಿ ಒಬ್ಬರು ಓದಿ ಎಲ್ಲರೂ ಕಲಿಯುವ ಜನ ಇವರು, ಒಬ್ಬೊಬ್ಬರೇ ಹೆಸರು ಒತ್ತಿಕೊಂಡು ಕಲಿಯುವ ಯಂತ್ರ ಇವರಿಗೆ ಒಗ್ಗುವುದಿಲ್ಲ, ಮುದ್ರಿತ ಪುಸ್ತಕವೇ ಸರಿ ಎಂದು ಒಂದೂವರೆ ಪುಟ ವರದಿ ಬರೆದೆ. ಬರೆಯುವಾಗ ಹನ್ನೆರಡು ಫಲಿತಾಂಶಗಳನ್ನೂ ಇನ್ನೊಮ್ಮೆ ನೋಡಿದೆ. ಒಂಬತ್ತನೆಯದಕ್ಕೆ ಪೂರ್ತಿ ಅಂಕ. ಒಂದೂ ತಪ್ಪಿಲ್ಲ. ಯಾರಪ್ಪಾ ಇದು?

“ಅದಾ? ಜಯಕ್ಕನ್ದು” ಅಂದಳು ಸಾವಿತ್ರಮ್ಮ. ನಾನು ನಂಬಲಿಲ್ಲ. ಪಕ್ಕದಲ್ಲಿ ನಿಂತವರು ಹೇಳಿಕೊಟ್ಟಿರಬೇಕು ಅಂದುಕೊಂಡೆ.

ಮರುದಿನ ಊಟದ ಹೊತ್ತಿನಲ್ಲಿ ಜಯಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತೇ ಇದ್ದಳು.

“ಏನಮ್ಮ?” ಅಂದೆ.

“ಸಾ, ಕಂಪ್ಯೂಟ್ರು ಬ್ಯಾಡ ಅಂತ ಬರೀತಾ ಇದೀರಂತೆ.”

“ಹೌದು. ನಿಮ್ಮ ಒಳ್ಳೇದಕ್ಕೇ.”

“ನಮ್ ಒಳ್ಳೇದು ನಿಮ್ಗೇನ್ ಗೊತ್ತು ಸಾ?”

ಆರು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. “ಯಾಕಮ್ಮ, ನನ್ ಪುಸ್ತಕಕ್ಕೇನಾಗಿದೆ? ಬಸ್ನಲ್ಲಿ ದಿನಾ ಕೇಳ್ತೀರಲ್ಲ?” ಅಂದೆ.

“ಕೇಳ್ತೀನಿ ಸಾ. ಓದಲ್ಲ.” ದನಿ ತಗ್ಗಿಸಿ ಹೇಳಿದಳು. “ನಂಗ್ ಓದಕ್ಕೆ ಬರಲ್ಲ ಸಾ. ಮೂರ್ನೇ ಕ್ಲಾಸಿಗೇ ಬುಡ್ಸಿದ್ರು. ಹೆಸ್ರು ಬರೀತೀನಿ, ನಂಬರ್ ಗೊತ್ತಾಗ್ತದೆ, ಅಷ್ಟೇಯ. ಜ್ವರನೂ ಇರ್ಲಿಲ್ಲ, ಕನ್ನಡ್ಕನೂ ಇಲ್ಲ ನನ್ ಹತ್ರ. ಯಾರ್ಗೂ ಗೊತ್ತಿಲ್ಲ. ಬಸ್ನಲ್ಲಿ ಎಲ್ರೂ ಕೇಳ್ತಾ ಕೂತಿರ್ತಾರೆ, ಅವ್ರ ಮಧ್ಯ ನಾನೂ ಕೂತಿರ್ತೀನಿ. ಓದಕ್ಕೆ ಬರಲ್ದೋಳು ಯಾರು ಅಂತ ಯಾರ್ಗ್ ತಿಳೀಬೇಕು?”

ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟೆ.

“ಆ ಕಂಪ್ಯೂಟ್ರು ಹೆಣ್ಮಗ್ಳು ಹೇಳ್ತಾಳಲ್ಲ ಸಾ, ಇನ್ನೊಂದ್ ಸಲ ಹೇಳು ಅಂದ್ರೆ ಇನ್ನೊಂದ್ ಸಲ ಹೇಳ್ತಾಳೆ. ಹತ್ ಸಲ ಒತ್ತುದ್ರೂ ಮುಖ ಸಿಂಡ್ರುಸಲ್ಲ. ಎಷ್ಟ್ ಸಲ ಹೇಳ್ಬೇಕು ನಿಂಗೆ ಅಂತ ಅನ್ನಲ್ಲ. ನಾನು ಊಟದ್ ಹೊತ್ನಲ್ಲಿ ಬಂದು ಬಂದು ಕೇಳಿದೀನಿ. ಸಾವಿತ್ರಿ ಹತ್ರನೇ ಆನ್ ಮಾಡುಸ್ಕೊಂಡು, ಟೈಮ್ ಪಾಸಿಗೆ ಅಂತ ಸುಳ್ಳೇಳಿ.”

“ನೀವು ಬರೆಯೋ ಪರೀಕ್ಷೆ ಅಂತ ಹಾಕುದ್ರೆ, ನಾನ್ ಇಲ್ಲಿಗೆ ಮುಗೀತು ಸಾ” ಎಂದು ಹೇಳಿ, ನಾನು ಏನಾದರೂ ಅನ್ನುವ ಮೊದಲೇ ಹೊರಟುಹೋದಳು.

ನಾಚಿಕೆಯಾಯಿತು. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಹೊಣೆಗಾರಿಕೆ ಇಲ್ಲದ ಹೆಂಗಸು ಎಂದಿದ್ದೆನಲ್ಲ! ಇಡೀ ಬಸ್ಸಿನ ಕಿವಿಗಳನ್ನು ಕಂಡು ಹಿಗ್ಗಿದವನಿಗೆ ಅದರಲ್ಲಿ ಅಕ್ಷರ ಗೊತ್ತಿಲ್ಲದ ಒಂದು ಜೋಡಿ ಕಣ್ಣು ಕಾಣಿಸಿರಲಿಲ್ಲ. ವರದಿಯನ್ನು ಹರಿದು ಬುಟ್ಟಿಗೆ ಹಾಕಿದೆ. ಹಾಗಂತ ಆನ್‌ಲೈನ್ ಎಂದು ಟಿಕ್ ಹಾಕಲೂ ಕೈ ಬರಲಿಲ್ಲ. ಯಾಕೆಂದರೆ ಸಾವಿತ್ರಮ್ಮನಿಗೆ ಮೌಸ್ ಹಿಡಿದರೆ ಕೈ ನಡುಗುತ್ತಿತ್ತು. ಬಾಣದ ಗುರುತು ಎಲ್ಲೋ, ಅವಳ ಬೆರಳು ಎಲ್ಲೋ. ಎಲ್ಲರಿಗೂ ಓದಿ ಹೇಳಿದವಳಿಗೆ ಆ ಅಭ್ಯಾಸ ಪರೀಕ್ಷೆಯಲ್ಲಿ ಬಂದದ್ದು ಎಲ್ಲರಿಗಿಂತ ಕಡಿಮೆ. ಜಯಮ್ಮನಿಗೆ ಟಿಕ್ ಹಾಕಿದರೆ ಸಾವಿತ್ರಮ್ಮನ ಕುತ್ತಿಗೆಗೆ ಬರುತ್ತದೆ, ಸಾವಿತ್ರಮ್ಮನಿಗೆ ಹಾಕಿದರೆ ಜಯಮ್ಮ ಮನೆಗೆ.

ಎರಡು ದಿನ ಕೂತೆ. ಮೂರನೇ ದಿನ ಎರಡೂ ಚೌಕಕ್ಕೆ ಟಿಕ್ ಹಾಕಿ ಕಳಿಸಿದೆ.

ಫೋನ್ ಬಂತು. “ಸರ್, ಒಂದೇ ಟಿಕ್” ಅಂದ ಪ್ರಶಾಂತ್.

“ಹನ್ನೆರಡು ಜನ ಇದಾರಪ್ಪ. ಒಬ್ಬೊಬ್ಬರಿಗೆ ಒಂದೊಂದು ಥರ.”

“ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ ಸರ್.”

“ಹಂಗಾದ್ರೆ ಫಾರಂ ಸರಿಯಿಲ್ಲ” ಅಂದೆ. ಅಂದ ಮೇಲೆ ನನಗೇ ಗಾಬರಿಯಾಯಿತು. ಮೇಲಿನವರ ಜೊತೆ ಹಾಗೆ ಮಾತಾಡಿದ ಅಭ್ಯಾಸವಿಲ್ಲ. ಆದರೆ ಬಾಯಿ ಬಿಟ್ಟಾಗಿತ್ತು, ಉಳಿದದ್ದನ್ನೂ ಹೇಳಿದೆ. ಜಯಮ್ಮನ ಹೆಸರು ಹೇಳಲಿಲ್ಲ. ಓದಲು ಬಾರದ ಆದರೆ ಒಂದೂ ಕೆಟ್ಟ ಕಾಯಿಲ್ ಸುತ್ತದ ಒಂದು ಕೈ ಇದೆ ಎಂದೂ, ಮೌಸ್ ಹಿಡಿಯಲಾಗದ ಆದರೆ ಇಡೀ ಬಸ್ಸಿಗೆ ಪಾಠ ಹೇಳಿದ ಇನ್ನೊಂದು ಕೈ ಇದೆ ಎಂದೂ, ಎರಡನ್ನೂ ಕಳೆದುಕೊಂಡರೆ ಕಾಯಿಲ್ ಸುತ್ತಲು ನಾನೂ ನೀನೂ ಕೂರಬೇಕಾಗುತ್ತದೆ ಎಂದೂ ಹೇಳಿದೆ. ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು.

“ಸರಿ ಸರ್” ಅಂದ. “ಆನ್‌ಲೈನ್‌ಗೆ ಒಂದು ಟಿಕ್ ಹಾಕಿ ಕಳ್ಸಿ. ಕೆಳಗೆ, ಕೇಳಿದವರಿಗೆ ಬರವಣಿಗೆಯಲ್ಲಿ ಅಂತ ಒಂದು ಸಾಲು ಬರೀರಿ. ನಾನು ಸೈನ್ ಮಾಡ್ತೀನಿ.” ಹುಡುಗನ ಬಗ್ಗೆ ಅಲ್ಲಿಯವರೆಗೆ ಅಂದುಕೊಂಡದ್ದನ್ನೆಲ್ಲ ಅವತ್ತು ವಾಪಸ್ಸು ತೆಗೆದುಕೊಂಡೆ.

ಪರೀಕ್ಷೆಯ ದಿನ ಎಂಟು ಜನ ಕಂಪ್ಯೂಟರಿಗೆ, ನಾಲ್ಕು ಜನ ಕಾಗದಕ್ಕೆ. ಕಂಪ್ಯೂಟರಿನವರು ಒಬ್ಬೊಬ್ಬರಾಗಿ, ಈ ಸಲ ಅವರವರ ಹೆಸರಿನಲ್ಲಿ. ಜಯಮ್ಮನ ಸರದಿ ಬಂದು ಹತ್ತು ಪ್ರಶ್ನೆ ಮುಗಿದಿತ್ತು, ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಜನರೇಟರ್ ಶುರುವಾಗಿ ಕಂಪ್ಯೂಟರ್ ಮತ್ತೆ ಎದ್ದರೆ, ಹತ್ತೂ ಉತ್ತರ ಮಾಯ, ಮೊದಲಿನಿಂದ ಶುರು ಮಾಡಿ ಎಂದು ಬಂತು.

“ಅಯ್ಯೋ ಜಯಮ್ಮ...” ಅಂದೆ.

ಅವಳು ಹೆಡ್‌ಫೋನನ್ನು ಕಿವಿಗೆ ಮತ್ತೆ ಸರಿಯಾಗಿ ಕೂರಿಸಿಕೊಂಡು, “ಹೋಗ್ಲಿ ಬುಡಿ ಸಾ, ಇನ್ನೊಂದ್ ಸಲ ಕೇಳಿದ್ರೆ ಏನಾಯ್ತದೆ” ಅಂದಳು.

ಪಾಸಾದಳು. ಸಾವಿತ್ರಮ್ಮನೂ ಕಾಗದದ ಮೇಲೆ ಮುತ್ತಿನಂತೆ ಬರೆದು ಪಾಸಾದಳು. ಒಬ್ಬಳು ಮಾತ್ರ ಪಾಸಾಗಲಿಲ್ಲ, ಅವಳನ್ನು ಪ್ರಶಾಂತನಿಗೆ ಹೇಳಿ ಈ ಪರೀಕ್ಷೆ ಬೇಡದ ಪ್ಯಾಕಿಂಗ್ ವಿಭಾಗಕ್ಕೆ ಹಾಕಿಸಿದೆವು. ಪರ್ಮನೆಂಟ್ ಆದ ಕಾಗದ ಕೈಗೆ ಬಂದ ದಿನ ಜಯಮ್ಮ ಅದನ್ನು ಮಡಚದೆ, ಎರಡು ಕೈಯಲ್ಲೂ ಹಿಡಿದುಕೊಂಡೇ ಬಸ್ಸು ಹತ್ತಿದಳಂತೆ. ಗುಬ್ಬಿಯವರೆಗೂ ಹಾಗೇ ಹಿಡಿದಿದ್ದಳು ಎಂದು ಸಾವಿತ್ರಮ್ಮ ಮರುದಿನ ನಗುತ್ತಾ ಹೇಳಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಪುಸ್ತಕದ ಕಾಲ ಮುಗಿಯಿತೆಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ. ಎರಡು ವಾರ ಆದ ಮೇಲೆ ಜಯಮ್ಮ ಮತ್ತೆ ಬಂದಳು.

“ಸಾ, ನಿಮ್ ಪುಸ್ತಕ ಒಂದ್ ಇದ್ರೆ ಕೊಡಿ.”

“ಯಾಕಮ್ಮ, ಎಲ್ಲ ಮುಗೀತಲ್ಲ?”

“ಆ ಹೆಣ್ಮಗ್ಳು ಹೇಳೋವಾಗ ಅಕ್ಷರ ಹಳದಿ ಆಗ್ತಿತ್ತಲ್ಲ ಸಾ. ನೋಡ್ತಾ ನೋಡ್ತಾ ಒಂದೊಂದ್ ಗುರ್ತು ಸಿಕ್ತು. ತಂತಿ, ಕಾಯಿಲ್, ಪದರ, ಇವೆಲ್ಲ ಗೊತ್ತಾಗ್ತದೆ ಈಗ. ಕಂಪ್ಯೂಟ್ರು ಮನೆಗೆ ತಗೊಂಡೋಗಕ್ಕಾಗಲ್ವಲ್ಲ. ಪುಸ್ತಕ ಆದ್ರೆ ಬ್ಯಾಗ್ನಲ್ಲಿ ಇಟ್ಕೊಬೋದು.”

ಬೀರುವಿನಲ್ಲಿದ್ದ ಚೆನ್ನಾಗಿರುವ ಪ್ರತಿ ಹುಡುಕಿ ಕೊಟ್ಟೆ. ಕೊಡುವ ಮೊದಲು ಅಂಗಿಯ ತುದಿಯಿಂದ ಅದರ ಧೂಳು ಒರೆಸಿದೆ.

ಅದಾಗಿ ಏಳೆಂಟು ತಿಂಗಳಾಗಿರಬೇಕು. ನನ್ನ ಸ್ಕೂಟರ್ ಕೆಟ್ಟು, ತುಮಕೂರಿನಲ್ಲಿ ಕಾರ್ಖಾನೆಯ ಬಸ್ಸನ್ನೇ ಹತ್ತಿದೆ. ಸಾಮಾನ್ಯವಾಗಿ ತುಮಕೂರು ಬರುತ್ತಲೂ ಓದು ನಿಲ್ಲುತ್ತಿತ್ತಂತೆ. ಅಲ್ಲಿ ಇನ್ನಷ್ಟು ಜನ ಹತ್ತಿ, ಗಲಾಟೆ ಶುರುವಾಗಿ, ಯಾರ ಮಾತೂ ಯಾರಿಗೂ ಕೇಳದು. ಆ ದಿನ ಮಾತ್ರ ಬಸ್ಸು ನಿಶ್ಶಬ್ದವಾಗಿತ್ತು. ಕಂಬಿಗೆ ಒರಗಿ ನಿಂತು ಓದುತ್ತಿದ್ದವಳು ಸಾವಿತ್ರಮ್ಮ ಅಲ್ಲ, ಜಯಮ್ಮ. ಬೆರಳಿಟ್ಟು, ಒಂದೊಂದೇ ಅಕ್ಷರ. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಒಂದು ಎಲೆ ಅಡಿಕೆ ಹಾಕಿಕೊಳ್ಳಬಹುದು, ಅಷ್ಟು ನಿಧಾನ. ಬಸ್ಸಿನ ಒಬ್ಬರೂ ಅವಳಿಗೆ ಮುಂದಿನ ಪದ ಹೇಳಿಕೊಡಲಿಲ್ಲ. ಕ್ಯಾತ್ಸಂದ್ರ ದಾಟಿದೆವು. ಕೊನೆಯ ಪಾಠಕ್ಕೆ ಬಂದಿದ್ದಳು. ಇದ್ದಕ್ಕಿದ್ದಂತೆ ಓದು ನಿಂತಿತು. ಅದೇ ಸಾಲನ್ನು ಇನ್ನೊಮ್ಮೆ ಓದಿದಳು. ಮುಖ ಎತ್ತಿ ನನ್ನನ್ನು ಹುಡುಕಿದಳು.

“ಸಾ, ಇದು ತಪ್ಪಿದೆ.”

“ಯಾವ್ದಮ್ಮ?”

“ಕಾಯಿಲ್ಗೆ ವಾರ್ನಿಶ್ ಹಾಕಿ, ಓವನ್ನಲ್ಲಿ ಬೇಯ್ಸಿ, ಆಮೇಲೆ ಟೆಸ್ಟ್ ಮಾಡಿ, ಕೆಟ್ಟಿದ್ರೆ ಬಿಚ್ಚಿ ಸುತ್ತಿ ಅಂತ ಬರ್ದಿದೀರ. ವಾರ್ನಿಶ್ ಕುಡ್ದು ಬೆಂದು ಕಲ್ಲಾಗಿರೋ ಕಾಯಿಲ್ನ ಯಾರಪ್ಪ ಬಂದು ಬಿಚ್ತಾನೆ ಸಾ? ಟೆಸ್ಟು ಮೊದ್ಲಲ್ವಾ?”

ಬಸ್ಸು ಗೊಳ್ಳೆಂದಿತು. ಡ್ರೈವರೂ ನಕ್ಕ. ಏಳು ವರ್ಷ ಆ ಪುಸ್ತಕ ಕೈಯಿಂದ ಕೈಗೆ ಹೋಗಿತ್ತು. ಹೊಸಬರು ಬಂದಾಗಲೆಲ್ಲ ಮೊದಲಿನಿಂದ ಶುರುವಾಗುತ್ತಿದ್ದ ಬಸ್ಸಿನ ಓದು ಹದಿನಾರನೇ ಪಾಠದವರೆಗೆ ಒಮ್ಮೆಯೂ ಬಂದಿರಲಿಲ್ಲ. ಕಂಪ್ಯೂಟರಿನವರು ಸುತ್ತುವವರೆಗಿನ ಪಾಠಗಳನ್ನಷ್ಟೇ ತೆಗೆದುಕೊಂಡಿದ್ದರು. ಕ್ಲಾಸಿನಲ್ಲಿ ಆ ಪಾಠವನ್ನು ನಾನು ಪುಸ್ತಕ ಮುಚ್ಚಿಟ್ಟು ಕೈಯಲ್ಲೇ ಮಾಡಿ ತೋರಿಸುತ್ತಿದ್ದೆ. ಪ್ರೆಸ್ಸಿನವನ ಮೇಲೆ ಹಾಕೋಣವೆಂದು ಆ ಸಂಜೆ ಹಸ್ತಪ್ರತಿ ತೆಗೆದು ನೋಡಿದೆ, ನನ್ನದೇ ದುಂಡು ಅಕ್ಷರದಲ್ಲಿ ಅದೇ ತಪ್ಪು ಕೂತಿತ್ತು. ಆದರೆ ಅದು ಸಂಜೆಯ ಮಾತು. ಆಗ ಬಸ್ಸಿನಲ್ಲಿ ನಾನು ಜೇಬಿನಿಂದ ಪೆನ್ನು ತೆಗೆದು ಅವಳ ಕಡೆ ಚಾಚಿದೆ.

“ನೀವೇ ತಿದ್ದಿ ಜಯಮ್ಮ.”

“ನಾನಾ? ಅಚ್ಚಾಗಿರೋದ್ರ ಮೇಲಾ?”

“ಹ್ಞೂ. ಅದ್ರ ಮೇಲೇ.”

ಪಕ್ಕದವರು ಎದ್ದು ಸೀಟು ಬಿಟ್ಟುಕೊಟ್ಟರು. ಜಯಮ್ಮ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ನನ್ನ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದ ಬಿಳಿ ಜಾಗದಲ್ಲಿ ಬರೆಯತೊಡಗಿದಳು. ಸಹಿ ಬಿಟ್ಟು ಬೇರೇನೂ ಬರೆದ ಕೈಯಲ್ಲ ಅದು. ‘ಮೊದಲು’ ಎಂದು ಬರೆಯುವಷ್ಟರಲ್ಲಿ ಹಿರೇಹಳ್ಳಿ ಬಂತು. ಬಸ್ಸು ಗೇಟಿನ ಮುಂದೆ ನಿಂತಿತು. ಸೈರನ್ ಕೂಗಿತು. ಸಾವಿತ್ರಮ್ಮ ಬಾಗಿಲಿಗೆ ಅಡ್ಡ ನಿಂತುಕೊಂಡು, “ಯಾರೂ ಇಳೀಬ್ಯಾಡ್ರಿ, ಅಲುಗಾಡ್ತದೆ” ಅಂದಳು. ಯಾರೂ ಇಳಿಯಲಿಲ್ಲ. ಡ್ರೈವರ್ ಎಂಜಿನ್ ಆರಿಸಿದ. ‘ಟೆಸ್ಟ್ ಮಾಡಿ’ ಎಂದು ಬರೆದು, ಕೊನೆಯಲ್ಲೊಂದು ಚುಕ್ಕೆಯನ್ನೂ ಇಟ್ಟು, ಜಯಮ್ಮ ಪೆನ್ನನ್ನು ಮುಚ್ಚಿ ನನಗೆ ವಾಪಸ್ಸು ಕೊಟ್ಟಳು.

ಅವತ್ತು ಬಸ್ಸಿನಲ್ಲಿದ್ದ ಮೂವತ್ತೆರಡು ಜನರ ಹಾಜರಿಯಲ್ಲೂ ‘ತಡ’ ಎಂದು ಕೆಂಪು ಶಾಯಿ ಬಿತ್ತು, ನನ್ನದೂ ಸೇರಿ.